ಅಂಗೈಯಗಲದ ಭಾವಚಿತ್ರ: ಕಥೆಯ ನಾಯಕನೂ ಮನೆಯ ನಾಯಿಯೂ

ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿ, ಮುಖದ ಹೋಲಿಕೆ ಕೆಡದಂತೆ ಬರೆಯುವ ಭಾವಚಿತ್ರವನ್ನು ಮಿನಿಯೇಚರ್ ಎಂದು ಕರೆಯಲಾಗುತ್ತದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದಲ್ಲಿ (1837-1901) ಇಂಗ್ಲೆಂಡಿನಲ್ಲಿ ರೂಢಿಯಲ್ಲಿದ್ದ ಅಂಡಾಕಾರದ ಚೌಕಟ್ಟು, ಗಾಢ ಹಿನ್ನೆಲೆ, ಗಂಭೀರ ಮುಖಭಾವಗಳನ್ನು ಉಳಿಸಿಕೊಂಡು, ವೈಜ್ಞಾನಿಕ ಕಥೆಗಳ ಪಾತ್ರಗಳನ್ನೂ ಸಾಕುಪ್ರಾಣಿಗಳನ್ನೂ ಚಿತ್ರಿಸುವುದು ಹವ್ಯಾಸಿ ಕಲಾವಿದರ ಒಲವುಗಳಲ್ಲೊಂದಾಗಿದೆ.

ಹಿನ್ನೆಲೆ

ಆರಂಭದಲ್ಲಿ ಈ ಚಿತ್ರಗಳನ್ನು ಹದಮಾಡಿದ ಚರ್ಮದ ಮೇಲೆ ಬರೆಯಲಾಗುತ್ತಿತ್ತು. ಹದಿನೆಂಟನೆಯ ಶತಮಾನದಲ್ಲಿ ತೆಳುವಾದ ದಂತದ ಹಾಳೆ ಅದರ ಸ್ಥಾನವನ್ನು ಪಡೆಯಿತು. ಪಾರದರ್ಶಕ ಜಲವರ್ಣದ ಅಡಿಯಿಂದ ದಂತದ ಹೊಳಪು ಹೊಮ್ಮಿ ಚರ್ಮಕ್ಕೆ ಜೀವಕಳೆ ತರುತ್ತಿದ್ದುದೇ ಇದಕ್ಕೆ ಕಾರಣ. ವಿಲಿಯಂ ರಾಸ್ (1794-1860) ರಾಣಿಯ ಆಸ್ಥಾನದ ಪ್ರಮುಖ ಮಿನಿಯೇಚರ್ ಚಿತ್ರಕಾರನಾಗಿದ್ದನು. ವಿಲಿಯಂ ಎಸೆಕ್ಸ್ ಎಂಬ ಎನಾಮಲ್ ಕಲಾವಿದನು ನಾಯಿಗಳ ಮುಖಗಳನ್ನು ಒಡವೆಗಳ ಮೇಲೆ ಬರೆದು ಹೆಸರಾದನು. 1839ರಲ್ಲಿ ಛಾಯಾಚಿತ್ರಣ ಬಹಿರಂಗಗೊಂಡ ಬಳಿಕ ಈ ವೃತ್ತಿ ಕ್ರಮೇಣ ಕ್ಷೀಣಿಸಿತು.

ವೈಜ್ಞಾನಿಕ ಕಥೆಗೂ ಈ ಕಲೆಗೂ ಹಳೆಯ ನಂಟಿದೆ. 1818ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಪ್ರಕಟಿಸಿದ ಮೇರಿ ಶೆಲ್ಲಿಯ ಮಿನಿಯೇಚರ್ ಒಂದನ್ನು, ಆಕೆಯ ಮರಣಾನಂತರ, ರೆಜಿನಾಲ್ಡ್ ಈಸ್ಟನ್ ಬರೆದನು. ಜೂಲ್ಸ್ ವರ್ನ್‌ನ ಕ್ಯಾಪ್ಟನ್ ನೆಮೊ ಕನ್ನಡಿಗರಿಗೆ ಇನ್ನೂ ಹತ್ತಿರದವನು. ‘ರಹಸ್ಯ ದ್ವೀಪ’ ಕಾದಂಬರಿಯಲ್ಲಿ ಅವನು ಬುಂದೇಲಖಂಡದ ರಾಜಕುಮಾರ ದಕ್ಕಾರನೆಂದೂ ಟಿಪ್ಪುವಿನ ಸೋದರ ಸಂಬಂಧದ ಮಗನೆಂದೂ ವರ್ನ್ ಕಲ್ಪಿಸಿದ್ದಾನೆ. ವಿಕ್ಟೋರಿಯಾ ಕಾಲದ ಶೈಲಿಯಲ್ಲಿ ಆ ಸಾಮ್ರಾಜ್ಯದ ವೈರಿಯನ್ನೇ ಚಿತ್ರಿಸಬಯಸುವವರಿಗೆ ಇದಕ್ಕಿಂತ ತಕ್ಕ ಪಾತ್ರ ಸಿಗಲಾರದು.

ಕರ್ನಾಟಕದಲ್ಲಿ

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಗಂಜೀಫಾ ಎಲೆಗಳ ಆಟಕ್ಕೆ ಪ್ರೋತ್ಸಾಹ ನೀಡಿದ್ದರಿಂದ ಅಂಗೈಯಗಲದ ಚಿತ್ರಣ ಇಲ್ಲಿ ಬೆಳೆಯಿತು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರು (1886-1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, ದಂತದ ಮೇಲೆ ಭಾವಚಿತ್ರ ಬರೆಯುವುದರಲ್ಲಿಯೂ ಪರಿಣತರೆನಿಸಿದರು.

ಮಾಲೇಕಲ್ಲು ತಿರುಪತಿಯ ಸುತ್ತಲಿನ ಅರಸೀಕೆರೆ ಸೀಮೆಯವರಿಗೆ ಸೂಕ್ಷ್ಮ ಕೆಲಸದ ಪಾಠಶಾಲೆ ಹತ್ತಿರದಲ್ಲೇ ಇದೆ. ಅರಸೀಕೆರೆಯ ಶಿವಾಲಯದ ಗೋಡೆಗಳಲ್ಲಿಯೂ, 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿಯೂ, ಹಳೇಬೀಡಿನಲ್ಲಿಯೂ ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಿರುವುದನ್ನು ಕಾಣಬಹುದು. ಗಿಣಿಯೊಡನೆ ಮಾತನಾಡುವ ಬೇಲೂರಿನ ಶುಕಭಾಷಿಣಿ, ಸಾಕುಪ್ರಾಣಿಯೊಂದಿಗಿನ ಭಾವವನ್ನು ಹಿಡಿಯುವುದು ಹೇಗೆಂಬುದಕ್ಕೆ ಮಾದರಿ.

ಬರೆಯುವ ಕ್ರಮ

ಈಗ ದಂತವನ್ನು ಬಳಸುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿ ದೇಶದ ಆನೆಯ ದಂತದ ವ್ಯಾಪಾರವನ್ನೂ 1991ರ ತಿದ್ದುಪಡಿ ಆಫ್ರಿಕಾದ ದಂತದ ವ್ಯಾಪಾರವನ್ನೂ ನಿಷೇಧಿಸಿದವು. ಆಲೂರು, ಸಕಲೇಶಪುರಗಳಲ್ಲಿ ಕಾಡಾನೆಗಳ ಸಂಕಟವನ್ನು ಕಣ್ಣಾರೆ ಕಂಡಿರುವ ಜಿಲ್ಲೆಯವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ನಯವಾದ ಜಲವರ್ಣದ ಕಾಗದ ಅಥವಾ ದಂತದಂತೆ ಕಾಣುವ ಕೃತಕ ಹಾಳೆ ಸಾಕು.

ಮೊದಲು ಪೆನ್ಸಿಲಿನಿಂದ ತಿಳಿಯಾದ ರೇಖೆ ಎಳೆದು, ತೆಳು ಬಣ್ಣವನ್ನು ಹರಡಬೇಕು. ಅದು ಒಣಗಿದ ಮೇಲೆ ಸಣ್ಣ ಕುಂಚದ ತುದಿಯಿಂದ ಚುಕ್ಕಿ ಮತ್ತು ಕಿರುಗೆರೆಗಳನ್ನು ಒಂದರ ಮೇಲೊಂದು ಕೂಡಿಸುತ್ತ ನೆರಳನ್ನು ಕಟ್ಟಬೇಕು. ಕುಂಚದಲ್ಲಿ ನೀರು ಹೆಚ್ಚಾದರೆ ಕೆಳಗಿನ ಪದರ ಕರಗಿ ಕಲೆಯಾಗುತ್ತದೆ. ಕೆಲಸ ಭೂತಗನ್ನಡಿಯ ಅಡಿಯಲ್ಲಿ ನಡೆದರೂ ಆಗಾಗ ಅದನ್ನು ತೆಗೆದು ಬರಿಗಣ್ಣಿನಿಂದ ನೋಡುವುದು ಅಗತ್ಯ.

ಪ್ರಾಣಿಯಾದರೆ ಅದರ ಕಣ್ಣಿನ ಮಟ್ಟಕ್ಕೆ ಬಾಗಿ ತೆಗೆದ ಛಾಯಾಚಿತ್ರವನ್ನು ಆಧಾರವಾಗಿಟ್ಟುಕೊಳ್ಳಬೇಕು. ರೋಮ ಬೆಳೆದ ದಿಕ್ಕಿನಲ್ಲೇ ಗೆರೆ ಸಾಗಬೇಕು. ಕಣ್ಣಿನ ಬೆಳಕಿನ ಚುಕ್ಕಿಯನ್ನು ಕೊನೆಗೆ ಇಡಬೇಕು.

ಹಕ್ಕು ಮತ್ತು ಹೆಸರು

ಭಾರತದಲ್ಲಿ ಸಾಹಿತ್ಯ ಕೃತಿಯ ಕೃತಿಸ್ವಾಮ್ಯ ಲೇಖಕನ ಮರಣದ ನಂತರ 60 ವರ್ಷ ಉಳಿಯುತ್ತದೆ. 1905ರಲ್ಲಿ ತೀರಿಕೊಂಡ ವರ್ನ್‌ನ ನೆಮೊವನ್ನು ಯಾರೂ ಚಿತ್ರಿಸಿ ಮಾರಬಹುದು. ಇತ್ತೀಚಿನ ಚಲನಚಿತ್ರಗಳ ಪಾತ್ರಗಳನ್ನು ಮಾರಾಟಕ್ಕೆ ಬರೆಯುವ ಮುನ್ನ ಹಕ್ಕುದಾರರ ಅನುಮತಿ ಪಡೆಯುವುದು ಕ್ಷೇಮ.

ಬಾಂಧವ್ಯದ ಗುರುತಾಗಿ ಬರೆಯಿಸಿಕೊಂಡ ಎಷ್ಟೋ ಹಳೆಯ ಮಿನಿಯೇಚರ್‌ಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿ ‘ಅಜ್ಞಾತ ಮಹಿಳೆ’, ‘ಅಜ್ಞಾತ ಪುರುಷ’ ಎಂಬ ಚೀಟಿ ಹೊತ್ತು ಕುಳಿತಿವೆ. ಹಿಂಬದಿಯಲ್ಲಿ ಹೆಸರು ಬರೆದಿರದಿದ್ದುದೇ ಹಲವು ಬಾರಿ ಇದಕ್ಕೆ ಕಾರಣ. ಬೇಲೂರಿನ ಶಿಲ್ಪಿಗಳಾದ ದಾಸೋಜ, ಚಾವಣರು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆದುದರಿಂದಲೇ ಒಂಬತ್ತು ಶತಮಾನಗಳ ಬಳಿಕವೂ ನಾವು ಅವರನ್ನು ಬಲ್ಲೆವು. ಚಿತ್ರ ಮುಗಿದ ಮೇಲೆ ಅದರ ಬೆನ್ನಿಗೆ ಚಿತ್ರಕಾರನ ಹೆಸರು, ವರ್ಷ, ಚಿತ್ರಿತವಾದ ಪಾತ್ರದ ಅಥವಾ ನಾಯಿಯ ಹೆಸರನ್ನು ಬರೆಯುವುದು ಈ ಕೆಲಸದ ಕೊನೆಯ ಹಂತ.