ಬೇರೆಯಾಗಿ ಬಾಳೋದು ಅಂದ್ರೆ ಏನು? ಕೆಳದಿ ಸೀಮೆಯಲ್ಲಿ ನಡೆದಾಡಿದ ಜೋಸೆಫ್ ವಾಜ್

1/7
ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾ ಓಡಾಡೋ ಗೆಳತಿ ಒಬ್ಬಳು ನಮ್ಮ ಕ್ಲಾಸಲ್ಲಿ ಇದ್ದಾಳೆ. ಫೆಸ್ಟ್ ಡ್ಯಾನ್ಸಿಗೆ ಕರೆದ್ರೆ ಬರಲ್ಲ, ಭಾನುವಾರದ ಟ್ರಿಪ್ಪಿಗೂ ಬರಲ್ಲ. ಯಾಕೆ ಅಂತ ಕೇಳಿದ್ರೆ, "ನಾವು ಲೋಕದಿಂದ ಸ್ವಲ್ಪ ಬೇರೆಯಾಗಿ ಬಾಳಬೇಕು ಕಣೇ" ಅಂತಾಳೆ. "ಬೇರೆ ಅಂದ್ರೆ ಬೇರೆ ಗ್ರಹನಾ?" ಅಂತ ಎಲ್ಲರ ಮುಂದೆ ಕೇಳಿದ್ದು ನಾನೇ. ಎಲ್ಲರೂ ನಕ್ಕರು. ಆಮೇಲೆ ಒಂದು ವಾರ ಅವಳು ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ತಪ್ಪು ನಂದು. ಅದಕ್ಕೇ ಈ ಸಲದ ಸರಣಿ. ಅವಳನ್ನ ಕೇಳಿಯೇ ಬರೀತಿದ್ದೀನಿ.

ಕ್ರೈಸ್ತರು ಹೇಳೋ ಈ "ಬೇರೆಯಾಗಿ ಬಾಳೋದು" ಏನು ಅಂತ ಹುಡುಕ್ತಾ ಹೋದ್ರೆ, ಕಥೆ ನಮ್ಮ ಜಿಲ್ಲೆಯ ಇತಿಹಾಸಕ್ಕೇ ಬಂದು ತಗುಲಿಕೊಳ್ತು.

2/7
ಕೆಳದಿ ಚೆನ್ನಮ್ಮ ಅಂದ್ರೆ ನಮಗೆಲ್ಲ ನೆನಪಾಗೋದು ಒಂದೇ ವಿಷಯ: ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನ ಎದುರಿಸಿದ್ದು. ಆದರೆ ಆಕೆಯ ರಾಜ್ಯ ಘಟ್ಟದ ಅಂಚಿಗೆ ಮುಗೀತಿರಲಿಲ್ಲ. ರಾಜಧಾನಿ ಬಿದನೂರು, ಅಂದ್ರೆ ಇವತ್ತಿನ ಹೊಸನಗರ ತಾಲ್ಲೂಕಿನ ನಗರ. ಅಲ್ಲಿಂದ ಘಟ್ಟ ಇಳಿದ್ರೆ ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರ, ಮಂಗಳೂರು ಎಲ್ಲ ಕೆಳದಿ ಸೀಮೆಯೇ.

ಆ ಕರಾವಳಿಯಲ್ಲಿ ಗೋವಾದಿಂದ ಬಂದು ನೆಲೆಸಿದ ಕೊಂಕಣಿ ಮಾತಾಡೋ ಕ್ರೈಸ್ತ ರೈತರಿದ್ದರು. ವೀರಶೈವ ರಾಣಿ ಚೆನ್ನಮ್ಮ ಪೋರ್ಚುಗೀಸರ ಜೊತೆ ಅಕ್ಕಿ, ಕಾಳುಮೆಣಸಿನ ವ್ಯಾಪಾರಕ್ಕೆ ಒಪ್ಪಂದ ಮಾಡಿಕೊಂಡಾಗ ಮಿರ್ಜಾನ್, ಚಂದಾವರ, ಕಲ್ಯಾಣಪುರದಂಥ ಕಡೆ ಚರ್ಚ್ ಕಟ್ಟೋಕೂ ಅನುಮತಿ ಕೊಟ್ಟಳು.

3/7
1681ರಲ್ಲಿ ಈ ಸೀಮೆಗೆ ಒಬ್ಬ ಪಾದ್ರಿ ಬಂದರು. ಹೆಸರು ಜೋಸೆಫ್ ವಾಜ್, ವಯಸ್ಸು 30. ಹುಟ್ಟಿದ್ದು 1651ರಲ್ಲಿ, ಗೋವಾದ ಬಾಣಾವಲಿಯಲ್ಲಿ. ಮನೆಮಾತು ಕೊಂಕಣಿ. ಮನೆತನ ಬ್ರಾಹ್ಮಣ ಮೂಲದ ಕ್ರೈಸ್ತರದ್ದು. ಅಂದ್ರೆ ಊರಲ್ಲಿ ಮರ್ಯಾದೆ ಇದ್ದವರು, ಓದಿದವರು, ಆರಾಮಾಗಿ ಇರಬಹುದಿತ್ತು.

ಆದರೆ 26ನೇ ವಯಸ್ಸಲ್ಲಿ, 1677ರಲ್ಲಿ, ಅವರು ಒಂದು ಪತ್ರ ಬರೆದಿಟ್ಟಿದ್ದರು: ಇನ್ನು ಮುಂದೆ ನಾನು ಮಾತೆ ಮರಿಯಳ ದಾಸ ಅಂತ. ದಾಸ ಅನ್ನೋ ಪದ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. "ನಾನು" ಅನ್ನೋದನ್ನ ಇಳಿಸಿಟ್ಟು ಹೊರಟವನಿಗೆ ನಾವು ಕೊಡೋ ಹೆಸರು ಅದು.

4/7
ಇಲ್ಲಿ ಅವರಿಗೆ ಸಿಕ್ಕಿದ್ದು ಶಾಂತಿ ಅಲ್ಲ, ಜಗಳ. ಕೆನರಾದ ಕ್ರೈಸ್ತರ ಮೇಲೆ ಅಧಿಕಾರ ಯಾರದ್ದು ಅನ್ನೋದೇ ಜಗಳ. ಪೋರ್ಚುಗೀಸ್ ರಾಜನ ಆಶ್ರಯದ ಗೋವಾ ಒಂದು ಕಡೆ, ರೋಮ್ ನೇಮಿಸಿದ ಬಿಷಪ್ ಥಾಮಸ್ ದ ಕಾಸ್ಟ್ರೊ ಇನ್ನೊಂದು ಕಡೆ. ಯಾರ ಹತ್ರ ದೀಕ್ಷಾಸ್ನಾನ, ಯಾರ ಹತ್ರ ಮದುವೆ ಅಂತ ಜನ ಗೊಂದಲದಲ್ಲಿದ್ದರು.

ವಾಜ್ ಅವರನ್ನ ಕಳಿಸಿದ್ದು ಗೋವಾ ಪಕ್ಷವೇ. ಆದರೂ ಅವರು ಹೊಂದಾಣಿಕೆಗೆ ಪ್ರಯತ್ನಪಟ್ಟರು. ಉಳಿದ ಸಮಯವೆಲ್ಲ ಊರೂರು ನಡೆದರು: ಮಂಗಳೂರು, ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರ. ಮಂಗಳೂರು ಹತ್ತಿರದ ಮುಡಿಪು ಗುಡ್ಡದಲ್ಲಿ ಇವತ್ತಿಗೂ ಅವರ ಹೆಸರಿನ ಪುಣ್ಯಕ್ಷೇತ್ರ ಇದೆ.

1684ರಲ್ಲಿ ಗೋವಾಕ್ಕೆ ವಾಪಸ್. ಯುರೋಪಿನ ಸನ್ಯಾಸಿ ಸಂಘಗಳು ಭಾರತೀಯರನ್ನ ಸುಲಭಕ್ಕೆ ಸೇರಿಸಿಕೊಳ್ಳದ ಕಾಲ ಅದು. 1685ರಲ್ಲಿ ಅವರು ಗೋವಾದವರೇ ಆದ ಪಾದ್ರಿಗಳ ಚಿಕ್ಕ ಗುಂಪು ಸೇರಿ, ಅದನ್ನ ಗಟ್ಟಿ ಸಂಘವಾಗಿ ಬೆಳೆಸಿದರು.

5/7
ಇಲ್ಲಿಂದ ಕಥೆ ಸಮುದ್ರ ದಾಟುತ್ತೆ. ಶ್ರೀಲಂಕಾದ ಕರಾವಳಿಯನ್ನ ಪೋರ್ಚುಗೀಸರಿಂದ ಡಚ್ಚರು ಕಸಿದುಕೊಂಡಿದ್ದರು. ಡಚ್ಚರೂ ಕ್ರೈಸ್ತರೇ, ಆದರೆ ಪ್ರಾಟೆಸ್ಟಂಟರು. ಕ್ಯಾಥೊಲಿಕ್ ಪಾದ್ರಿಗಳಿಗೆ ಪ್ರವೇಶ ಬಂದ್ ಮಾಡಿದ್ದರು. 1687ರಲ್ಲಿ ವಾಜ್ ಕೂಲಿಯವನ ವೇಷದಲ್ಲಿ, ಹರಕು ಬಟ್ಟೆಯಲ್ಲಿ ಅಲ್ಲಿಗೆ ಹೋದರು. ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋಗ್ತಿದ್ದರು. ಮಾಲೆ ನೋಡಿ ಯಾರ ಕಣ್ಣು ಬದಲಾಗುತ್ತೋ ಅವರು ತಮ್ಮವರು ಅಂತ ಗುರುತು. ಜಂಗಮರು ಬಾಗಿಲಿಗೆ ಬರೋದನ್ನ ಕಂಡ ನಮಗೆ ಈ ಚಿತ್ರ ಕಷ್ಟ ಆಗಲ್ಲ.

1692ರಲ್ಲಿ ಒಳನಾಡಿನ ಕ್ಯಾಂಡಿಗೆ ಹೋದಾಗ ಪೋರ್ಚುಗೀಸ್ ಗೂಢಚಾರ ಅನ್ನೋ ಅನುಮಾನದ ಮೇಲೆ ಸೆರೆ. ಆದರೆ ನಿಧಾನಕ್ಕೆ ಕ್ಯಾಂಡಿಯ ಬೌದ್ಧ ರಾಜ ಎರಡನೇ ವಿಮಲಧರ್ಮಸೂರ್ಯನಿಗೆ ನಂಬಿಕೆ ಬಂತು, ಓಡಾಡೋಕೆ ಬಿಟ್ಟ.

ಒಂದು ಕ್ಷಣ ಇಲ್ಲಿ ನಿಲ್ಲಿ. ಈ ಮನುಷ್ಯನ ಧರ್ಮಕ್ಕೆ ಜಾಗ ಕೊಟ್ಟವರು ಒಬ್ಬ ವೀರಶೈವ ರಾಣಿ, ಒಬ್ಬ ಬೌದ್ಧ ರಾಜ. ಬಾಗಿಲು ಹಾಕಿದವರು ಅದೇ ಯೇಸುವಿನ ಹೆಸರು ಹೇಳೋರು.

6/7
1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಕೈಲಾದವರು ಊರು ಬಿಟ್ಟರು. ರೋಗ ತಗುಲಿದವರನ್ನ ಮನೆಯವರೇ ಕಾಡಿನ ಅಂಚಿಗೆ ಬಿಟ್ಟು ಬಂದರು. ಕೋವಿಡ್ ಸಮಯದಲ್ಲಿ ಪಕ್ಕದ ಮನೆ ಬಾಗಿಲನ್ನ ನಾವು ಹೇಗೆ ನೋಡ್ತಿದ್ದೆವು ನೆನಪಿದೆಯಾ? ಹಾಗೆ, ಅದಕ್ಕಿಂತ ಹೆಚ್ಚು. ಆಗ ಲಸಿಕೆ ಅನ್ನೋದೇ ಇರಲಿಲ್ಲ.

ವಾಜ್ ಹೋಗಲಿಲ್ಲ. ಇನ್ನೊಬ್ಬ ಪಾದ್ರಿ ಜೊತೆ ಸೇರಿ ರೋಗಿಗಳಿಗೆ ಗುಡಿಸಲು ಹಾಕಿದರು, ಗಾಯ ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನ ಮಣ್ಣು ಮಾಡಿದರು. ನಮ್ಮ ಧರ್ಮದವರು, ಬೇರೆ ಧರ್ಮದವರು ಅಂತ ನೋಡಲಿಲ್ಲ.

ನನಗೆ ಅರ್ಥ ಆಗಿದ್ದು ಇಲ್ಲಿ. ಆ ವರ್ಷ ಕ್ಯಾಂಡಿಯಲ್ಲಿ ಎಲ್ಲರೂ "ಬೇರೆ" ಆಗಿದ್ದರು, ರೋಗಿಗಳಿಂದ ದೂರ. ವಾಜ್ ಬೇರೆ ಆಗಿದ್ದು ಓಡಿದವರಿಂದ. ಬೇರೆಯಾಗಿ ಬಾಳೋದು ಅಂದ್ರೆ ಜನರಿಂದ ದೂರ ಸರಿಯೋದು ಅಂತ ನಾನು ಅಂದುಕೊಂಡಿದ್ದೆ. ಅವರು ದೂರ ಸರಿದಿದ್ದು ತಮ್ಮ ಮನೆತನದ ಮರ್ಯಾದೆಯಿಂದ, ಸುಖದಿಂದ, ಭಯದಿಂದ. ಹಾಗೆ ಸರಿದಷ್ಟೂ ಜನಕ್ಕೆ ಹತ್ತಿರ ಆದರು.

24 ವರ್ಷ ಅಲ್ಲೇ ಇದ್ದರು, ಊರಿಗೆ ಮರಳಲೇ ಇಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನ ಸಂತ ಅಂತ ಘೋಷಿಸಿದರು.

7/7
ಇವತ್ತು ಶಿವಮೊಗ್ಗದ ಹೆಸರಲ್ಲಿ ಒಂದು ಕ್ಯಾಥೊಲಿಕ್ ಧರ್ಮಪ್ರಾಂತ್ಯ ಇದೆ, 1988ರಿಂದ. ಭದ್ರಾವತಿಯ ಹೆಸರಲ್ಲಿ ಸಿರೊ ಮಲಬಾರ್ ಧರ್ಮಪ್ರಾಂತ್ಯ ಇದೆ, 2007ರಿಂದ. ನಾವು ದಿನಾ ಬಸ್ಸಲ್ಲಿ ದಾಟಿ ಹೋಗೋ ಊರುಗಳು. ಒಳಗೆ ಯಾರು ಏನು ನಂಬಿ ಬದುಕ್ತಿದ್ದಾರೆ ಅಂತ ಎಷ್ಟು ಜನ ಕೇಳಿದ್ದೀವಿ?

ಈ ಕಥೆಯನ್ನ ಮೊದಲು ಗೆಳತಿಗೇ ಓದಿಸಿದೆ. ಸಾರಿ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಡ್ಯಾನ್ಸಿಗೆ ಬರದೇ ಇರೋದು ಸುಲಭ ಕಣೇ. ಸಿಡುಬಿನವರ ಹತ್ರ ಹೋಗೋದು ಕಷ್ಟ. ನಾನಿನ್ನೂ ಸುಲಭದ್ದನ್ನೇ ಮಾಡ್ತಿದ್ದೀನಿ."

ನಾನು ಸುಲಭದ್ದನ್ನೂ ಮಾಡಿಲ್ಲ. ಮರುದಿನ ಊಟಕ್ಕೆ ಅವಳ ಬೆಂಚಿಗೆ ನಾನೇ ಹೋದೆ.

ನಿಮ್ಮೂರಲ್ಲಿ ಹೀಗೆ "ಬೇರೆ" ಅನ್ನಿಸಿಕೊಂಡೇ ಎಲ್ಲರಿಗೂ ಹತ್ತಿರ ಆಗಿದ್ದವರು ಇದ್ದಾರಾ? ಯಾವ ಧರ್ಮದವರಾದ್ರೂ ಸರಿ, ಕಮೆಂಟಲ್ಲಿ ಬರೀರಿ.

#ನಮ್ಮಶಿವಮೊಗ್ಗ #ಭದ್ರಾವತಿ #ಕೆಳದಿಚೆನ್ನಮ್ಮ #ಜೋಸೆಫ್‌ವಾಜ್ #ಊರಿನಇತಿಹಾಸ