‘ಲಿಫ್ಟ್ ಅಪ್’: ಒಂದು ಇಂಗ್ಲಿಷ್ ಕ್ರಿಯಾಪದದ ಚರಿತ್ರೆ

ವಸ್ತುವೊಂದನ್ನು ನೆಲದಿಂದ ಎತ್ತುವ ಕ್ರಿಯೆಗೆ ‘ಲಿಫ್ಟ್’ ಎಂಬ ಒಂದೇ ಧಾತು ಸಾಕಾಗಿರಲು, ಇಂಗ್ಲಿಷರು ಅದರ ಬೆನ್ನಿಗೆ ‘ಅಪ್’ ಎಂಬ ಅವ್ಯಯವನ್ನೂ ಸೇರಿಸಿ ‘ಲಿಫ್ಟ್ ಅಪ್’ ಎನ್ನುವುದೇಕೆ? ಎತ್ತುವುದೆಂದರೆ ಮೇಲಕ್ಕೆ ಎತ್ತುವುದೇ ಆದುದರಿಂದ ಇದು ಪುನರುಕ್ತಿಯೆಂದು ತೋರುವುದು ಸಹಜ. ಆದರೆ ಚರಿತ್ರೆಯನ್ನು ಪರಿಶೀಲಿಸಿದವರಿಗೆ, ಆ ಭಾಷೆಯ ವಾಕ್ಯರಚನೆಯೇ ಮಾರ್ಪಟ್ಟ ಕಾಲದ ಕುರುಹು ಈ ಕಿರಿಯ ಅವ್ಯಯದಲ್ಲಿ ಉಳಿದುಬಂದಿರುವುದು ಗೋಚರವಾಗುತ್ತದೆ.

ಪ್ರಾಚೀನ ಇಂಗ್ಲಿಷಿನಲ್ಲಿ ಎತ್ತುವುದಕ್ಕಿದ್ದ ಮುಖ್ಯ ಧಾತು ‘ಹೆಬ್ಬನ್’. ಇಂದಿನ ‘ಹೀವ್’ ಅದರ ಸಂತತಿ. ಜರ್ಮನ್ನಿನ ‘ಹೇಬೆನ್’ ಅದರ ಸಜಾತೀಯ. ಸಂಸ್ಕೃತದ ‘ಉತ್ಥಾನ’, ‘ಉದ್ಧರಣ’ಗಳಲ್ಲಿ ‘ಉತ್’ ಎಂಬ ಉಪಸರ್ಗವು ಧಾತುವಿನ ಮುಂದೆ ನಿಲ್ಲುವಂತೆ, ಪ್ರಾಚೀನ ಇಂಗ್ಲಿಷಿನಲ್ಲಿಯೂ ‘ಊಪ್’ ಎಂಬುದು ಮುಂದೆ ನಿಂತು ‘ಊಪಾಹೆಬ್ಬನ್’ ಎಂಬ ರೂಪವಿದ್ದಿತು. ಆ ಕಾಲದ ಅಧೀನ ವಾಕ್ಯಗಳಲ್ಲಿ ಕ್ರಿಯಾಪದವು, ನಮ್ಮ ಕನ್ನಡದಲ್ಲಿರುವಂತೆ, ಬಹುಮಟ್ಟಿಗೆ ಕೊನೆಯಲ್ಲಿಯೇ ಬರುತ್ತಿದ್ದಿತು. ಕಾಲಕ್ರಮದಲ್ಲಿ ಕ್ರಿಯಾಪದವು ಕರ್ಮದ ಮುಂದಕ್ಕೆ ಸರಿದು, ಹಳೆಯ ಉಪಸರ್ಗಗಳು ಸವೆದು ಶಕ್ತಿಗುಂದಲಾಗಿ, ‘ಅಪ್’ ಮೊದಲಾದ ಅವ್ಯಯಗಳಿಗೆ ಧಾತುವಿನ ಹಿಂದಣ ಸ್ಥಾನವೇ ಸ್ಥಿರವಾಯಿತು.

ಇದರೊಡನೆ ಮತ್ತೊಂದು ಘಟನೆಯೂ ಬೆರೆಯಿತು. 9ನೆಯ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವಭಾಗಗಳಲ್ಲಿ ಡೇನರು ನೆಲೆಸಿದರಷ್ಟೆ. ಅವರ ನಾರ್ಸ್ ಭಾಷೆಯ ‘ಲಿಪ್ತ’ ಎಂಬ ಧಾತುವೇ ಇಂಗ್ಲಿಷಿಗೆ ಇಳಿದು, 1200ರ ಸುಮಾರಿನ ಬರಹಗಳಲ್ಲಿ ‘ಲಿಫ್ಟ್’ ಆಗಿ ಕಾಣಬರುತ್ತದೆ. ವಾಯು ಅಥವಾ ಆಕಾಶವೆಂಬ ಅರ್ಥದ ‘ಲೋಪ್ತ್’ ಅದರ ಮೂಲವಾದುದರಿಂದ, ಗಾಳಿಗೆ ಏರಿಸುವುದೆಂಬುದೇ ಅದರ ಆದಿಯ ಅರ್ಥ. ‘ರೇಸ್’, ‘ಟೇಕ್’ ಎಂಬ ಧಾತುಗಳು ಬಂದುದೂ ಅಲ್ಲಿಂದಲೇ. ಹೀಗೆ ವಲಸೆ ಬಂದವರ ಧಾತುವೂ ನೆಲದವರ ಅವ್ಯಯವೂ ಕೂಡಿ ‘ಲಿಫ್ಟ್ ಅಪ್’ ರೂಪುಗೊಂಡಿತು. ‘ಹೀವ್’ ಪ್ರಯಾಸದಿಂದ ಎತ್ತುವ ಭಾರಕ್ಕೆ ಸೀಮಿತವಾಯಿತು.

ಅಷ್ಟರೊಳಗಾಗಿ ‘ಅಪ್’ ದಿಕ್ಕನ್ನು ಸೂಚಿಸುವುದರ ಜೊತೆಗೆ ಕ್ರಿಯೆಯ ಸಮಾಪ್ತಿಯನ್ನೂ ಸೂಚಿಸತೊಡಗಿತ್ತು. 1154ರವರೆಗಿನ ವೃತ್ತಾಂತಗಳುಳ್ಳ ಪೀಟರ್‌ಬರೋ ಕ್ರಾನಿಕಲ್‌ನಲ್ಲಿ, ಸ್ಟೀಫನ್ ದೊರೆಯು ಬಿಷಪ್ ರೋಜರ್ ಮೊದಲಾದವರನ್ನು ಸೆರೆಯಲ್ಲಿಟ್ಟು ಅವರ ಕೋಟೆಗಳನ್ನು ಬಿಡಿಸಿಕೊಂಡ ಪ್ರಸಂಗದಲ್ಲಿ ಇಂದಿನ ‘ಗಿವ್ ಅಪ್’ ಎಂಬುದರ ಪೂರ್ವರೂಪವಿದೆ. ಅಲ್ಲಿ ಕೋಟೆಯೇನೂ ಮೇಲಕ್ಕೆ ಹೋಗಲಿಲ್ಲ, ಪೂರ್ಣವಾಗಿ ಕೈಬಿಟ್ಟುಹೋಯಿತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಕಣ್ಣು, ಕೈ, ದನಿಗಳಿಗೆಲ್ಲ ‘ಲಿಫ್ಟ್ ಅಪ್’ ಬಳಕೆಯಾಗಿ, ಹೀಬ್ರೂ ಮೂಲದ ನುಡಿಗಟ್ಟನ್ನು ಅನುಸರಿಸಿದ ಈ ಪ್ರಯೋಗದಿಂದ ಆ ಪದಕ್ಕೆ ಪ್ರಾರ್ಥನೆಯ ಗಾಂಭೀರ್ಯವು ಪ್ರಾಪ್ತವಾಯಿತು. ಕಣ್ಣೆತ್ತಿ ನೋಡುವ, ದನಿಯೆತ್ತಿ ಹಾಡುವ ಕನ್ನಡಿಗರಿಗೆ ಈ ವಿಸ್ತಾರವು ಅಪರಿಚಿತವೆನಿಸದು.

ಧಾತುವಿನೊಡನೆ ಅವ್ಯಯವು ಸೇರಿ ಅರ್ಥ ಬದಲಾಗುವ ಈ ಬಗೆಯ ಪ್ರಯೋಗಗಳೇ ಪರಭಾಷಿಕರಿಗೆ ಅತ್ಯಂತ ಕ್ಲೇಶಕರವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿಯೇ ಗುರುತಿಸಿದ್ದರು. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ತರ ಗ್ರಂಥದಲ್ಲಿ ಅಚ್ಚಾಯಿತು; ಅದನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರ್ಯಾಡ್ಲಿ.

ಇಂದಿನ ಬಳಕೆಯಲ್ಲಿ ‘ಲಿಫ್ಟ್’ ಎಂದರೆ ಎತ್ತುವಿಕೆಯಷ್ಟೆ. ‘ಅಪ್’ ಸೇರಿದಾಗ ದಿಕ್ಕಿಗೂ ಪೂರ್ಣತೆಗೂ ಒತ್ತು ಬೀಳುತ್ತದೆ. ಬಿದ್ದುದನ್ನು ಎತ್ತಿಕೊಳ್ಳುವುದಕ್ಕೆ ‘ಪಿಕ್ ಅಪ್’ ತಕ್ಕುದು. ಅಲ್ಲಿ ‘ಅಪ್’ ತೆಗೆದರೆ ‘ಆರಿಸು’, ‘ಕೀಳು’ ಎಂಬ ಬೇರೆಯೇ ಅರ್ಥ ಉಳಿಯುತ್ತದೆ. ಕರ್ಮವು ನಾಮಪದವಾದರೆ ಅವ್ಯಯದ ಹಿಂದೆಯೋ ಮುಂದೆಯೋ ನಿಲ್ಲಬಹುದು. ‘ಇಟ್’ನಂತಹ ಸರ್ವನಾಮವಾದರೆ ‘ಪಿಕ್ ಇಟ್ ಅಪ್’ ಎಂದು ನಡುವೆಯೇ ನಿಲ್ಲತಕ್ಕದ್ದು. ಇಂತಹ ಕ್ರಿಯಾಪದಗಳನ್ನು ಪಟ್ಟಿಯಾಗಿ ಕಂಠಪಾಠ ಮಾಡಿಸುವ ಬದಲು, ಪ್ರತಿಯೊಂದು ವಾಕ್ಯದಲ್ಲಿಯೂ ಅವ್ಯಯವು ದಿಕ್ಕನ್ನು ಹೇಳುತ್ತಿದೆಯೋ ಸಮಾಪ್ತಿಯನ್ನು ಹೇಳುತ್ತಿದೆಯೋ ಎಂದು ವಿದ್ಯಾರ್ಥಿಯು ವಿಚಾರಿಸುವಂತೆ ಮಾಡಿದಲ್ಲಿ, ಜಾನ್ಸನ್ ಹೇಳಿದ ಕ್ಲೇಶದ ಬಹುಭಾಗವು ಪರಿಹಾರವಾದೀತು.