ಬಲಗಾಲು ಬೇಗ ನೆಲ ಮುಟ್ಟಬೇಕು

ಹ್ಯಾಮರ್ ಥ್ರೋ ಎಂದರೆ ದಡೂತಿ ಹುಡುಗರ ಆಟ ಎಂಬ ಮಾತನ್ನು ಕಡೂರು, ತರೀಕೆರೆ, ಅಜ್ಜಂಪುರದ ಕೂಟಗಳಲ್ಲಿ ಪಿ.ಟಿ. ಮೇಷ್ಟ್ರಾಗಿ ಮೂವತ್ತು ವರ್ಷ ಕೇಳಿದ್ದೇನೆ. ಕಬಡ್ಡಿಗೂ ಓಟಕ್ಕೂ ಬೇಡವಾದ ದಪ್ಪನೆಯ ಹುಡುಗನ ಹೆಸರನ್ನು ಕೊನೆಗೆ ಹ್ಯಾಮರ್‌ಗೆ ಬರೆದುಬಿಡುತ್ತಾರೆ. ಈ ಆಟ ಬೆಳೆದ ದಾರಿ ಗೊತ್ತಿದ್ದವರು ಹಾಗೆ ಮಾಡಲಾರರು.

ಹ್ಯಾಮರ್ ಒಲಿಂಪಿಕ್ಸ್‌ಗೆ ಬಂದದ್ದು 1900ರಲ್ಲಿ. ಐರಿಷ್ ಮೂಲದ ಜಾನ್ ಫ್ಲಾನಗನ್ ಸಾಲಾಗಿ ಮೂರು ಬಾರಿ ಗೆದ್ದರು. ಆಗ ತೋಳ್ಬಲವೇ ಪ್ರಧಾನ. ನಿಜವಾದ ತಿರುವು ಕೊಟ್ಟವರು ಸೋವಿಯತ್ ಗುರುಗಳು. 1972ರಲ್ಲಿ ಮ್ಯೂನಿಕ್‌ನಲ್ಲಿ ಚಿನ್ನ ಗೆದ್ದ ಅನಾತೊಲಿ ಬೊಂಡಾರ್ಚುಕ್ ಮುಂದೆ ಯೂರಿ ಸೆದಿಖ್‌ಗೆ ಗುರುವಾದರು. 1986ರ ಆಗಸ್ಟ್ 30ರಂದು ಸ್ಟುಟ್‌ಗಾರ್ಟ್‌ನಲ್ಲಿ ಸೆದಿಖ್ ಎಸೆದ 86.74 ಮೀಟರನ್ನು ಈವರೆಗೆ ಯಾರೂ ದಾಟಿಲ್ಲ. ಅದೂ ಮೂರೇ ಸುತ್ತಿನಲ್ಲಿ! ಉಳಿದ ಘಟಾನುಘಟಿಗಳು ನಾಲ್ಕು ಸುತ್ತು ತಿರುಗುತ್ತಿದ್ದರು. ನನ್ನ ಮಟ್ಟಿಗೆ ಅದಕ್ಕಿಂತ ಚೆಂದದ ಎಸೆತ ಇನ್ನೊಂದಿಲ್ಲ.

ಗುಟ್ಟು ಇರುವುದು ಕಾಲಿನಲ್ಲಿ. 7.26 ಕಿಲೋ ತೂಕವನ್ನು 2.135 ಮೀಟರ್ ಅಗಲದ ವೃತ್ತದೊಳಗೆ ತಿರುಗಿಸಬೇಕು. ಎಡಗಾಲು ಹಿಮ್ಮಡಿಯ ಮೇಲೆ ತಿರುಗಿ ಪಾದದ ಅಂಚಿಗೆ ಹೊರಳುವಷ್ಟರಲ್ಲಿ ಬಲಗಾಲು ಎದ್ದು ಸುತ್ತಿ ಬೇಗ ನೆಲ ಮುಟ್ಟಬೇಕು. ಎರಡೂ ಕಾಲು ನೆಲದಲ್ಲಿದ್ದಾಗ ಮಾತ್ರ ವೇಗ ಕೂಡುತ್ತದೆ. ತೋಳು ಬರೀ ಹಗ್ಗ. ಹೊಲ ಕಾಯುತ್ತಾ ಕವಣೆ ಬೀಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಎಳೆದರೆ ಕಲ್ಲು ಗುರಿ ತಪ್ಪುತ್ತದೆ.

ವಿದ್ಯಾರ್ಥಿಗಳ ವಿಶ್ವಕೂಟ 1959ರಲ್ಲಿ ಟ್ಯೂರಿನ್‌ನಲ್ಲಿ ಶುರುವಾಯಿತು. ಅಲ್ಲಿ ಪೋಲೆಂಡಿನ ಪಾವೆಲ್ ಫೈಡೆಕ್ 2011ರಿಂದ 2017ರವರೆಗೆ ಸತತ ನಾಲ್ಕು ಚಿನ್ನ ಗೆದ್ದರು, ಹಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಐದು. ಕಾಲೇಜು ದಿನಗಳೇ ಈ ಆಟದ ಕಲಿಕೆಯ ಕಾಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಮ್ಮಲ್ಲಿ ಪ್ರವೀಣ್ ಕುಮಾರ್ 1966ರ ಕಿಂಗ್‌ಸ್ಟನ್ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದರು. ಜನ ಅವರನ್ನು ನೆನೆಯುವುದು ಟಿ.ವಿ. ಮಹಾಭಾರತದ ಭೀಮನೆಂದೇ. 2016ರಲ್ಲಿ ನೀರಜ್ ಕುಮಾರ್ 70.73 ಮೀಟರ್ ಮುಟ್ಟಿದರು. ಕರ್ನಾಟಕಕ್ಕೆ ಎಸೆತದಲ್ಲಿ ಹೆಸರು ತಂದ ಮೈಸೂರಿನ ವಿಕಾಸ್ ಗೌಡ ಚಕ್ರ ಎಸೆತದವರು, ಪಳಗಿದ್ದು ಅಮೆರಿಕದ ವಿಶ್ವವಿದ್ಯಾಲಯದಲ್ಲಿ.

ನಮ್ಮ ಹುಡುಗರ ದಾರಿ ಕುವೆಂಪು ವಿಶ್ವವಿದ್ಯಾಲಯದ ಕೂಟದಿಂದ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ, ಅಲ್ಲಿಂದ ವಿಶ್ವಕೂಟಕ್ಕೆ. ನಾನು ಪಳಗಿಸಿದ ಹುಡುಗನೊಬ್ಬ ಮಣ್ಣಿನಲ್ಲೇ ತಿರುಗಿ ಕಲಿತವನು. ಕೂಟದ ದಿನ ಮೊದಲ ಸಲ ಸಿಮೆಂಟಿನ ವೃತ್ತಕ್ಕೆ ಕಾಲಿಟ್ಟ. ಜಾರಿದ. ಮೂರೂ ಎಸೆತ ಫೌಲು. ಬಸ್ಸಿನಲ್ಲಿ ಕಡೂರು ಮುಟ್ಟುವವರೆಗೂ ಅಂಗೈಯ ಬೊಬ್ಬೆ ನೋಡುತ್ತಾ ಕೂತಿದ್ದ. ಅವನಿಗೆ ಬಲ ಕಡಿಮೆಯಿರಲಿಲ್ಲ.

ಮೂರು ತಾಲ್ಲೂಕಿನ ಹುಡುಗರು ದಿನವೂ ಬಂದು ತಿರುಗಲು ಒಂದು ಸಿಮೆಂಟು ವೃತ್ತ, ಸುತ್ತ ಗಟ್ಟಿ ಬಲೆ, ಕಾಲು ನೋಡಿ ತಿದ್ದುವ ಒಬ್ಬ ತರಬೇತುದಾರ. ಸಿಂಥೆಟಿಕ್ ಟ್ರ್ಯಾಕಿಗೆ ಅರ್ಜಿ ಬರೆಯುವವರು ಇದನ್ನೂ ಒಂದು ಸಾಲು ಸೇರಿಸಿ.